ಒಂದು ತಪ್ಪಿಗೆ ಒಂದೇ ಚೀಟಿ

ಬೆಳಗಿನ ಹತ್ತೂಕಾಲಿಗೆ, ಹರಿದ ಒಂದೇ ಮೆಣಸಿನಕಾಯಿ ಚೀಲದ ಬಗ್ಗೆ ಹದಿನಾಲ್ಕನೆಯ ಎಚ್ಚರಿಕೆ ಚೀಟಿ ಗುರುರಾಜನ ಮೇಜಿಗೆ ಬಂತು. ಅಂದು 1974ರ ಮೇ ಮೂವತ್ತೊಂದು, ಶುಕ್ರವಾರ.

ಬಳ್ಳಾರಿಯ ಬ್ರೂಸ್‌ಪೇಟೆಯ ಪಾರ್ಸೆಲ್ ಕಂಪನಿಯೊಂದರಲ್ಲಿ ಗುರುರಾಜ ಹೆಡ್ ಕ್ಲಾರ್ಕ್. ಬಳ್ಳಾರಿಯಲ್ಲಿ ಲಾರಿಗೇರಿದ ಮಾಲು ಕುರುಗೋಡು ದಾಟಿ ಸಿರುಗುಪ್ಪ ಮುಟ್ಟುವಷ್ಟರಲ್ಲಿ, ಅವನೂ ಸೇರಿ ಇಪ್ಪತ್ತು ಜನರ ಕಣ್ಣಿಗೆ ಬೀಳುತ್ತಿತ್ತು. ಮಾಲು ಕೆಟ್ಟಿದ್ದು ಕಂಡವನು ಚೀಟಿ ಬರೆಯಬೇಕು, ಬರೆಯದವನೇ ತಪ್ಪಿತಸ್ಥ. ಇದು ಕಂಪನಿಯ ಹಳೆಯ ಪದ್ಧತಿ. ಹಾಗಾಗಿ ಚೀಲ ಹೊಲಿಯಲು ಯಾರೂ ಸೂಜಿ ಹಿಡಿಯುತ್ತಿರಲಿಲ್ಲ, ಎಲ್ಲರೂ ಪೆನ್ನು ಹಿಡಿಯುತ್ತಿದ್ದರು. ಅಕ್ಷರ ಬಾರದ ಹಮಾಲರು ಇನ್ನೊಬ್ಬರಿಂದ ಬರೆಸಿ ಹೆಬ್ಬೆಟ್ಟು ಒತ್ತುತ್ತಿದ್ದರು.

ಮ್ಯಾನೇಜರ್ ತಿಪ್ಪೇರುದ್ರಪ್ಪ ಗುರುರಾಜನನ್ನು ಒಳಗೆ ಕರೆದರು.

"ಆಚಾರ್ರೇ, ಒಂದ ತಿಂಗಳಾಗ ಇನ್ನೂರ ಹನ್ನೆರಡು ಚೀಟಿ! ಮಾಲೀಕರು ಹೊಸಪ್ಯಾಟಿಯಿಂದ ಫೋನ್ ಮಾಡಿ ಮಂಗಳಾರತಿ ಮಾಡ್ಯಾರ. ಜೂನ್‌ನಾಗ ಐವತ್ತು ದಾಟಬಾರದು. ದಾಟಿದ್ರ ನೀವು ಸಿರುಗುಪ್ಪ ಶಾಖೆಗೆ."

"ತಪ್ಪು ಕಮ್ಮಿ ಮಾಡಬೇಕೇನ್ರಿ, ಚೀಟಿ ಕಮ್ಮಿ ಮಾಡಬೇಕೇನ್ರಿ?"

"ತಪ್ಪು ಯಾರು ಎಣಸ್ತಾರ್ರೀ? ಚೀಟಿ ಕಮ್ಮಿ ಮಾಡ್ರಿ."

ಗುರುರಾಜನಿಗೆ ಸಿರುಗುಪ್ಪದ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಅವನ ಹೆಂಡತಿ ವಿಜಯಾಬಾಯಿಗೆ ಆರು ವರ್ಷ ಕಾದ ಮೇಲೆ, ಆ ವಾರವಷ್ಟೇ, ಬಳ್ಳಾರಿಯ ಶಾಲೆಯೊಂದರಲ್ಲಿ ಕೆಲಸ ಕಾಯಂ ಆಗಿತ್ತು. ಅವಳು ಬಿಟ್ಟು ಬರುವಂತಿರಲಿಲ್ಲ. ವರ್ಗವಾದರೆ ಒಂದು ಸಂಸಾರಕ್ಕೆ ಎರಡು ಒಲೆ.

ಅಂದೇ ಕೂತು ನಿಯಮ ಬರೆದ. ಒಂದು ತಪ್ಪಿಗೆ ಒಂದೇ ಚೀಟಿ. ಮೊದಲು ಕಂಡವನು ಬರೆಯಬೇಕು, ಎರಡನೆಯವನು ಬರೆಯಕೂಡದು. ಬರೆಯದವರ ಮೇಲೆ ತಪ್ಪು ಹೊರಿಸುವಂತಿಲ್ಲ. ತಿಪ್ಪೇರುದ್ರಪ್ಪ ಓದದೆ ಸಹಿ ಹಾಕಿ, ಓದಿದವರಂತೆ ತಲೆಯಾಡಿಸಿದರು.

ಜೂನ್ ಹದಿನೈದರ ಹೊತ್ತಿಗೆ ಮೂವತ್ತೊಂದು ಚೀಟಿ ಬಂದವು. ಆಮೇಲೆ ಒಂದೂ ಬರಲಿಲ್ಲ. ಎರಡನೆಯವನಾಗುವುದು ಎಷ್ಟು ಸುಖದ ಕೆಲಸವೆಂದು ಮೂರೂ ಶಾಖೆಗಳಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು. ತಪ್ಪುಗಳೇ ನಿಂತುಹೋದವೆಂದು ಮ್ಯಾನೇಜರು ಮಾಲೀಕರಿಗೆ ಪತ್ರ ಬರೆದರು.

ಇಪ್ಪತ್ತನೇ ತಾರೀಖು, ಗುರುವಾರ ಬೆಳಗ್ಗೆ ಏಳಕ್ಕೆ ಲಾರಿ ಹೊರಡುವುದರಲ್ಲಿತ್ತು. ರವೆ ಚೀಲದ ಮೇಲೆ ಯಾರೋ ಸೀಮೆಎಣ್ಣೆ ಡಬ್ಬಿ ಇಟ್ಟಿದ್ದರು. ಡಬ್ಬಿ ಸೋರುತ್ತಿತ್ತು.

"ವಾಸನಿ ಬರಾಕತ್ತೈತಲ್ರಿ," ಎಂದ ಹಮಾಲರ ಮೇಸ್ತ್ರಿ ಎರ್ರೆಪ್ಪ.

ಗುರುರಾಜನ ಮೂಗಿಗೂ ಬಂದಿತ್ತು. ಅವನ ತಲೆಯಲ್ಲಿ ಮೂವತ್ತೊಂದು ಎಂಬ ಸಂಖ್ಯೆ ಕೂತಿತ್ತು. ಅದು ಏಳುವುದು ಅವನಿಗೆ ಬೇಕಿರಲಿಲ್ಲ.

"ಮೊದಲು ಕಂಡವರು ಬರದಿರ್ತಾರ ಬಿಡು."

"ಹಂಗಾದ್ರ ನಾ ಎರಡ್ನೇದಾಂವ," ಎಂದು ಎರ್ರೆಪ್ಪ ನಿರಾಳವಾಗಿ ಬೀಡಿ ಹಚ್ಚಲು ದೂರ ಹೋದ.

ಲಾರಿ ಹೋಯಿತು. ಕುರುಗೋಡಿನ ಗುಮಾಸ್ತ ಕೊಟ್ರಬಸಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ತನ್ನೂರಿನ ಮಾಲಷ್ಟೇ ಇಳಿಸಿಕೊಂಡ, ಬಳ್ಳಾರಿಯವರು ಬರೆದಿರುತ್ತಾರೆಂದುಕೊಂಡು. ಸಿರುಗುಪ್ಪದವರು ಕುರುಗೋಡಿನವರು ಬರೆದಿರುತ್ತಾರೆಂದುಕೊಂಡರು. ಇದೆಲ್ಲ ಆಮೇಲೆ ಗೊತ್ತಾದದ್ದು.

ಸೋಮವಾರ, ಸಿರುಗುಪ್ಪದಲ್ಲಿ ಆ ರವೆ ಚೀಲ ಬಿಡಿಸಿಕೊಂಡಿದ್ದ ಕರೂರಿನ ಪಾರಮ್ಮ ಟಿಫಿನ್ ಕ್ಯಾರಿಯರ್ ಹಿಡಿದು ಬಸ್ಸಿಳಿದು ಬಂದಳು. ನೇರವಾಗಿ ಮ್ಯಾನೇಜರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು.

"ನನ್ನ ಮಗಳ ಮದುವಿ ಉಪ್ಪಿಟ್ಟು. ಅಡಿಗಿಯಾಂವ ಗ್ಯಾಸ್‌ಲೈಟಿನ ವಾಸನಿ ಅಂದ್ಕೊಂಡಾನ. ಬೀಗರು ಒಂದು ತುತ್ತು ತಿಂದು ಎದ್ದಾರ. ನೀವರ ಉಣ್ರಿ."

ತಿಪ್ಪೇರುದ್ರಪ್ಪ ರಿಜಿಸ್ಟರ್ ತಿರುವಿದರು. "ಗುರುವಾರ ಒಂದೂ ಚೀಟಿ ಇಲ್ಲ. ಚೀಟಿ ಇಲ್ಲಂದ್ರ ತಪ್ಪ ಆಗಿಲ್ಲಮ್ಮ."

"ತಪ್ಪ ಆಗಿಲ್ಲಂದ್ರ ಉಣ್ಣಾಕ ಏನು ಧಾಡಿ?"

ಮ್ಯಾನೇಜರು ಚಮಚ ಬಾಯಿಯತನಕ ಒಯ್ದು ಕೆಳಗಿಟ್ಟರು. ಅವಳು ಹೋದ ಮೇಲೆ ಮೂರೂ ಶಾಖೆಗಳಿಗೆ ಹೇಳಿ ಕಳಿಸಿದರು: ನಾಳೆ ಸಂಜೆಯೊಳಗೆ ಗುರುವಾರದ ಚೀಟಿ ಯಾರದು ಇರುವುದಿಲ್ಲವೋ ಅವನೇ ತಪ್ಪಿತಸ್ಥ, ಅವನು ಮನೆಗೆ.

ಮಂಗಳವಾರ ಸಂಜೆಗೆ ಹತ್ತೊಂಬತ್ತು ಚೀಟಿ ಬಂದವು. ಎಲ್ಲದರಲ್ಲೂ ಗುರುವಾರ, ಬೆಳಗಿನ ಏಳು ಗಂಟೆ. ಲಾರಿ ಇನ್ನೂ ಬ್ರೂಸ್‌ಪೇಟೆಯಲ್ಲಿದ್ದ ಹೊತ್ತಿಗೆ ಸಿರುಗುಪ್ಪದ ಐದು ಜನರ ಮೂಗಿಗೂ ಸೀಮೆಎಣ್ಣೆ ಬಡಿದಿತ್ತು.

"ನಿಯಮದ ಪ್ರಕಾರ ಇದು ಒಂದೇ ಲೆಕ್ಕ, ಸರ್," ಎಂದ ಗುರುರಾಜ.

"ಯಾವ ಒಂದು? ಎಲ್ಲರೂ ಏಳಕ್ಕ ಬರದಾರ. ಎರಡ್ನೇದಾಂವ ಯಾರೂ ಇಲ್ಲ. ಹತ್ತೊಂಬತ್ತೂ ಮೊದಲ್ನೇವ." ತಿಪ್ಪೇರುದ್ರಪ್ಪ ಕೂಡಿಸಿದರು. "ಐವತ್ತು. ಸರಿಯಾಗಿ ಐವತ್ತು. ದಾಟಿಲ್ಲ."

ಗುರುರಾಜ ಉಸಿರು ಬಿಟ್ಟ.

"ನಿಮ್ಮ ಚೀಟಿ ಎಲ್ಲೈತ್ರಿ, ಆಚಾರ್ರೇ? ಇಪ್ಪತ್ತು ಜನದಾಗ ನಿಮ್ಮದೊಂದ ಇಲ್ಲ. ನಾಳೆ ಮುಂಜಾನಿಮಟ ಟೈಮ್ ಕೊಡ್ತೀನಿ."

ಮನೆಯಲ್ಲಿ ವಿಜಯಾಬಾಯಿ ಎಲ್ಲ ಕೇಳಿ, ತಟ್ಟೆಗೆ ಅನ್ನ ಬಡಿಸುತ್ತ ಅಂದಳು: "ಬರದ್ರ ಸಿರುಗುಪ್ಪ, ಬರೀದಿದ್ರ ಕೆಲಸಾನ ಇಲ್ಲ. ಈ ನಿಯಮ ಬರದ ಶಾಣ್ಯಾ ಯಾರ್ರೀ?"

"ನಾನ."

"ಮತ್ತ ಉಣ್ರಿ."

ಬುಧವಾರ ಬೆಳಗ್ಗೆ ಗುರುರಾಜ ಚೀಟಿ ಬರೆದು ಕೊಟ್ಟ: "ಗುರುವಾರ ಏಳಕ್ಕೆ ವಾಸನೆ ಬಂತು. ಬರೆಯಬೇಕಿತ್ತು. ಬರೆಯಲಿಲ್ಲ." ಆ ಕಟ್ಟಿನಲ್ಲಿ ನಿಜವಿದ್ದ ಚೀಟಿ ಅದೊಂದೇ.

"ಅಕ್ಷರ ಛಲೋ ಅದಾವ," ಎಂದು ತಿಪ್ಪೇರುದ್ರಪ್ಪ ರಿಜಿಸ್ಟರಿನಲ್ಲಿ ಐವತ್ತೊಂದು ಎಂದು ಬರೆದುಕೊಂಡರು.

ಜುಲೈ ಒಂದು, ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಗುರುರಾಜ ಸಿರುಗುಪ್ಪ ಶಾಖೆಯಲ್ಲಿ ಹಾಜರಾದ. ವಿಜಯಾಬಾಯಿ ಬಳ್ಳಾರಿಯಲ್ಲೇ ಉಳಿದಳು.