ಅನ್ಸು ಅಳಿಸಿದ ಚುಕ್ಕೆಗಳು

ಕೋಡಿಂಬಾಳದ ಅನ್ಸುವಿನದು ಹದ್ದಿನ ಕಣ್ಣು. ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಧೂಳು, ಗೀರು ತೆಗೆಯುವುದು ದರ್ಬೆಯ ಸ್ಟುಡಿಯೋದಲ್ಲಿ ಅವಳ ಕೆಲಸ. ಒಂದು ಬಿಳಿ ಚುಕ್ಕೆ ಉಳಿದರೂ ಅವಳಿಗೆ ಊಟ ಸೇರದು. ಸುಳ್ಯ ಕಡೆಯ ಶೀಲಾವತಿ ಕೊಟ್ಟುಹೋಗಿದ್ದ ತಮ್ಮ ಕಪ್ಪು-ಬಿಳುಪು ಮದುವೆ ಫೋಟೋದಲ್ಲಂತೂ ಮದುಮಕ್ಕಳಿಗಿಂತ ಚುಕ್ಕೆಗಳೇ ಜೋರು. ಬ್ರಶ್ಶಿನಲ್ಲಿ ಒರೆಸಿದಳು, ಗಾಳಿ ಊದಿದಳು, ಒಂದೂ ಜಗ್ಗಲಿಲ್ಲ. ಹಟ ಹಿಡಿದು ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸಿದಳು. ಪೂರ್ತಿ ಎರಡು ದಿನ ಹಿಡಿಯಿತು.

ಫೋಟೋ ಒಯ್ಯಲು ಬಂದ ಶೀಲಾವತಿ ಪರದೆಯನ್ನೇ ನೋಡುತ್ತ ನಿಂತರು. ಹೊಗಳಿಕೆಗೆ ಕಿವಿ ನಿಮಿರಿಸಿ ಕೂತಿದ್ದ ಅನ್ಸುವಿಗೆ ಕೇಳಿಸಿದ್ದು ಬೇರೆಯೇ.

“ಅಕ್ಕಿ ಎಲ್ಲಿ ಹೋಯ್ತು ಮಗಾ?”

“ಎಂತ ಅಕ್ಕಿ ಅಮ್ಮಾ? ಅದು ಧೂಳಲ್ವಾ?”

“ಸೇಸೆ ಅದು. ನಮ್ಮಲ್ಲಿ ಮದುವೆಗೆ ಹಿರಿಯರೆಲ್ಲ ಬಂದು ಮೊಣಕಾಲಿಗೆ, ಹೆಗಲಿಗೆ, ತಲೆಗೆ ಅಕ್ಕಿ ಹಾಕಿ ಹರಸುದು. ಅಪ್ಪನೂ ಹಾಕಿದ್ರು. ಹುಷಾರಿರಲಿಲ್ಲ, ಫೋಟೋದವರು ಬರುವಾಗ ಒಳಗೆ ಹೋಗಿ ಮಲಗಿ ಆಗಿತ್ತು. ತಿಂಗಳೊಳಗೆ ಹೋದ್ರು. ಅವರದ್ದು ಅಂತ ಒಂದು ಪಟ ಇಲ್ಲ ನಮ್ಮಲ್ಲಿ. ಆ ಅಕ್ಕಿ ಒಂದೇ ಇದ್ದದ್ದು.”

ಅನ್ಸು ಗಡಿಬಿಡಿಯಲ್ಲಿ ಹಳೆಯ ಫೈಲುಗಳನ್ನು ತೆರೆದಳು. ಪುಣ್ಯಕ್ಕೆ, ಮುಟ್ಟದ ಮೊದಲ ಸ್ಕ್ಯಾನ್ ಹಾಗೇ ಇತ್ತು. ಆದರೆ ಅದರಲ್ಲಿ ನಿಜವಾದ ಧೂಳೂ ಅಕ್ಕಿಯ ಜೊತೆಗೇ ಬೆರೆತು ಕೂತಿತ್ತು. ಶೀಲಾವತಿ ಒಂದು ಮಾತೂ ಬಯ್ಯಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. ಬಯ್ಯಲಿಲ್ಲವಲ್ಲ ಎಂಬುದಕ್ಕೇ ಹುಡುಗಿಯ ಕಣ್ಣು ತುಂಬಿತು.

ಅವರು ತೋರಿಸುತ್ತ ಹೋದರು, ಇವಳು ಕೇಳುತ್ತ ಹೋದಳು. ಮೊಣಕಾಲಿನ ಮೇಲಿನವು ಅಕ್ಕಿ, ಇರಲಿ. ಹೆಗಲಿನವೂ ಇರಲಿ. ಗೋಡೆಯ ಮೇಲಿನವು ಧೂಳು, ಹೋಗಲಿ. ಚಾಪೆಯ ಅಂಚಿನಲ್ಲಿ, ಮದುಮಗಳಿಂದ ಮಾರು ದೂರದಲ್ಲಿ ಏಳೆಂಟು ಚುಕ್ಕೆಗಳಿದ್ದವು. ಅಷ್ಟು ದೂರ ಯಾರು ಸೇಸೆ ಹಾಕುತ್ತಾರೆ? ಕೇಳುವ ಅಗತ್ಯವೇ ಕಾಣದೆ ಅನ್ಸು ಮೌಸನ್ನು ಅತ್ತ ಸರಿಸಿದಳು.

ಶೀಲಾವತಿ ಅವಳ ಕೈ ಹಿಡಿದರು.

“ಅದೇ ಮಗಾ ಅಪ್ಪನದ್ದು. ಕೈ ನಡುಗ್ತಾ ಇತ್ತು ಅವರಿಗೆ. ಒಂದು ಕಾಳೂ ನನ್ನ ಮೇಲೆ ಬೀಳ್ಲಿಲ್ಲ.”

ಅನ್ಸು ಆ ಏಳೆಂಟನ್ನೂ ಮುಟ್ಟಲಿಲ್ಲ. ಸಂಜೆಯ ಬಸ್ಸಿಗೆ ಮೊದಲು ಪ್ರಿಂಟ್ ತೆಗೆದು ಕೊಟ್ಟಳು. ಶೀಲಾವತಿ ಅದರಲ್ಲಿ ಗಂಡನ ಮುಖವನ್ನೂ ನೋಡಲಿಲ್ಲ, ತಮ್ಮ ಮುಖವನ್ನೂ ನೋಡಲಿಲ್ಲ. ಚಾಪೆಯ ಅಂಚಿಗೆ ಬೆರಳಿಟ್ಟು, ಆ ಬೆರಳನ್ನು ತಮ್ಮ ನೆತ್ತಿಗೆ ಮುಟ್ಟಿಸಿಕೊಂಡರು.

“ಈಗ ಬಿತ್ತು ನೋಡು,” ಎಂದರು. “ನಿನ್ನ ಉಪಕಾರ ಮರೆಯುದಿಲ್ಲ ಮಗಾ.”