ಹೆಂಡತಿಯ ಮಧ್ಯಾಹ್ನಗಳು

ಹೆಂಡತಿ ಕೆಲಸ ಬಿಡುತ್ತೇನೆಂದಾಗ ಎಲ್ಲರಿಗಿಂತ ಮೊದಲು ಬೆನ್ನು ತಟ್ಟಿದವನು ಅವನೇ. "ನಾನಿದ್ದೀನಲ್ಲ, ಧೈರ್ಯವಾಗಿ ಬಿಡು" ಎಂದಿದ್ದ. ಒಳಗೊಳಗೆ ಮಾತ್ರ, ಸ್ವಲ್ಪ ದಿನ ಒದ್ದಾಡಿ ವಾಪಸು ಬರುತ್ತಾಳೆ, ಆಗ ಸಮಾಧಾನ ಹೇಳುವ ಭಾಗ್ಯವೂ ತನ್ನದೇ ಎಂದುಕೊಂಡಿದ್ದ.

ಇಬ್ಬರೂ ಒಂದೇ ದೊಡ್ಡ ಕಂಪನಿಯಲ್ಲಿದ್ದವರು. ಗೋದಾಮಿನಲ್ಲಿ ಯಾವ ಸಾಮಾನು ಎಲ್ಲಿರಬೇಕು, ಯಾವ ಲಾರಿ ಯಾವ ಬಾಗಿಲಿಗೆ ಬರಬೇಕು ಎಂದು ನೋಡುವ ಕೆಲಸ. ಅಲ್ಲೇ ಪರಿಚಯ, ಅಲ್ಲೇ ಜಗಳ, ಕೊನೆಗೆ ಮದುವೆ. ಈಗ ಅವಳು ಅದೇ ವಿದ್ಯೆಯನ್ನು ಹಿಡಿದು ಹೊರಗೆ ನಿಂತಿದ್ದಳು. ಇವತ್ತು ಔಷಧದ ಗೋದಾಮು, ನಾಳೆ ಬಣ್ಣದ ಡಬ್ಬಿಯವರದು. ಹೋಗಿ ನೋಡಿ, ಹೀಗೆ ಮಾಡಿ ಎಂದು ಹೇಳಿ ಬರುತ್ತಿದ್ದಳು.

ಅವಳು ಒದ್ದಾಡಲಿಲ್ಲ. ಕೈಚೀಲದಲ್ಲಿ ಸದಾ ಇರುತ್ತಿದ್ದ ತಲೆನೋವಿನ ಮಾತ್ರೆ ಮಾಯವಾಯಿತು. ಮುಖಕ್ಕೆ ಕಳೆ ಬಂತು. ಇವನಿಗೆ ಹೊಟ್ಟೆ ಉರಿಯತೊಡಗಿತು.

ಒಮ್ಮೆ ಜ್ವರವೆಂದು ರಜೆ ಹಾಕಿ ಮಲಗಿದ್ದ. ಮಧ್ಯಾಹ್ನ ಎದ್ದು ನೋಡಿದರೆ ನಡುಮನೆಯ ತುಂಬ ಬಿಸಿಲು. ತನ್ನ ಮನೆಯೊಳಗೆ ಇಷ್ಟು ಚೆಂದದ ಬಿಸಿಲು ಬೀಳುತ್ತದೆಂಬುದೇ ಅವನಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಯಾರಿಗೋ ಅವಳು, "ಇವತ್ತಿಗೆ ಇಷ್ಟು ಸಾಕು, ಉಳಿದಿದ್ದು ನಾಳೆ ನೋಡೋಣ" ಎಂದು ನಕ್ಕು ಕಂಪ್ಯೂಟರ್ ಮುಚ್ಚಿದಳು. ಮಗಳು ಗುಬ್ಬಿ ಶಾಲೆಯಿಂದ ಬಂದವಳೇ ಅಮ್ಮನ ತೊಡೆಯ ಮೇಲೆ ಕಾಲು ಚಾಚಿ ಕ್ಲಾಸಿನ ಪುರಾಣ ಬಿಚ್ಚಿದಳು. ಯಾರೋ 'ಮೊಂಡ', ಯಾರೋ 'ಕಾಗಕ್ಕ'. ತಾಯಿಗೆ ಎಲ್ಲರೂ ಗೊತ್ತು.

"ಮೊಂಡ ಅಂದ್ರೆ ಯಾರೇ?" ಎಂದು ಇವನು ಕೇಳಿದ.

"ಅದು ನಿಂಗೆ ಗೊತ್ತಾಗಲ್ಲಪ್ಪ, ದೊಡ್ಡ ಕಥೆ" ಎಂದಳು ಗುಬ್ಬಿ.

'ಇಷ್ಟು ಸಾಕು' ಎನ್ನುವ ಮಾತು ತನ್ನ ಬಾಯಲ್ಲಿ ಎಂದಾದರೂ ಬಂದಿದೆಯೇ? ಅವನು ಹಾಸಿಗೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಇಂಥ ಹೊತ್ತಿನಲ್ಲೇ ಕಂಪನಿಯಲ್ಲಿ ಮೇಲಧಿಕಾರಿ ಅವನನ್ನು ಕರೆದರು. ಗೋದಾಮಿನ ಹಿಂಬಾಗಿಲಲ್ಲಿ ಲಾರಿಗಳು ದಿನವೂ ಸಿಕ್ಕಿಕೊಂಡು ಗೋಳಾಗಿತ್ತು.

"ನಿಮ್ಮ ಮನೆಯವರು ಈಗ ಹೊರಗಡೆ ಒಳ್ಳೆ ಹೆಸರು ಮಾಡಿದ್ದಾರಂತೆ. ಒಂದ್ಸಲ ಬಂದು ನೋಡ್ತಾರಾ, ಕೇಳಿ" ಎಂದರು.

"ಅವಳಿಗೆ ಉಸಿರಾಡೋಕೂ ಪುರುಸೊತ್ತಿಲ್ಲ ಸರ್. ಹಳೇ ಕಂಪನಿಗೆ ಬರೋಕೆ ಮನಸ್ಸೂ ಇಲ್ಲ" ಎಂದ. ಇಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

ಆದರೆ ಮೇಲಧಿಕಾರಿ ಕನ್ನಡಕದ ಅಂಗಡಿಯಲ್ಲಿ ಅವಳಿಗೇ ಎದುರಾದರು. "ಬರೋಕೆ ಮನಸ್ಸಿಲ್ಲ ಅಂದ್ರಂತೆ, ಯಾಕಮ್ಮ ನಮ್ಮ ಮೇಲೆ ಕೋಪ?" ಎಂದರಂತೆ.

ಮರುದಿನ ಬೆಳಿಗ್ಗೆ ಅವನು ಬೂಟಿನ ಲೇಸು ಕಟ್ಟುತ್ತಿರುವಾಗ ಅವಳು ಎದುರಿಗೆ ಬಂದು ನಿಂತಳು.

"ರೀ, ನನ್ನ ಕೆಲಸಕ್ಕೆ ಬೇಡ ಅನ್ನೋಕೆ ನೀವ್ಯಾರು?"

ಏನೋ ನೆವ ಹೇಳಲು ಹೋದ. ಈ ಸಲ ಸುಳ್ಳು ಬರಲಿಲ್ಲ. ಲೇಸನ್ನೇ ನೋಡುತ್ತ, "ಹಿಂಬಾಗಿಲು ಸರಿ ಮಾಡಿ ಅಂತ ನಾನು ವರ್ಷಗಟ್ಟಲೆ ಬಡ್ಕೊಂಡಿದ್ದೀನಿ, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ನೀನು ಬಂದು ಅದನ್ನೇ ಹೇಳ್ತೀಯ, ಎಲ್ಲರೂ ತಲೆದೂಗ್ತಾರೆ. ಸಂಜೆಯೊಳಗೆ ಮನೆಗೂ ಹೋಗಿರ್ತೀಯ. ನನ್ನಿಂದ ನೋಡೋಕಾಗಲ್ಲ ಕಣೆ" ಎಂದ.

"ಸುಳ್ಳು ಹೇಳಿದ್ದಕ್ಕೆ ಸಿಟ್ಟಿದೆ, ಅದು ಬೇಗ ಇಳಿಯಲ್ಲ. ಕೆಲಸ ಮಾತ್ರ ಮಾಡ್ತೀನಿ" ಎಂದಳು.

ಅವಳು ಬಂದಳು. ಕೊರಳಲ್ಲಿ 'ಅತಿಥಿ' ಎಂಬ ಕಾರ್ಡು. ಎರಡು ದಿನ ಲಾರಿ ಚಾಲಕರ ಜೊತೆ ನಿಂತು ಮಾತಾಡಿದಳು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದಳು. ಕೊನೆಗೆ ಸಭೆಯಲ್ಲಿ ಹೇಳಿದ್ದು ಅವನ ಮಾತೇ ಆಗಿರಲಿಲ್ಲ. ಬಾಗಿಲಲ್ಲಿ ತಪ್ಪಿಲ್ಲ, ಖಾಲಿ ಲಾರಿಗಳನ್ನು ಕಾಯಿಸುವ ಜಾಗ ತಪ್ಪು ಎಂದಳು. ಅವನಿಗೆ ಎಂದೂ ಹೊಳೆಯದ ಮಾತು, ಸರಿಯಾದ ಮಾತು. ಎಲ್ಲರೂ ತಲೆದೂಗಿದರು. ಅವನೂ ತೂಗಿದ, ಹಲ್ಲು ಕಚ್ಚಿಕೊಂಡು. ಬಿಸಿಲಿರುವಾಗಲೇ ಅವಳು ಚೀಲ ಹೆಗಲಿಗೇರಿಸಿ ಹೊರಟದ್ದನ್ನು ಕಿಟಕಿಯಿಂದ ನೋಡಿದ.

ಅದೇ ಕಿಚ್ಚಿನಲ್ಲಿ ಮೇಲಧಿಕಾರಿಯ ಕೋಣೆಗೆ ನುಗ್ಗಿದ. "ವಾರದಲ್ಲಿ ಎರಡು ದಿನ ನಾನೂ ಬೇಗ ಮನೆಗೆ ಹೋಗ್ಬೇಕು ಸರ್."

ಜಗಳಕ್ಕೆ ಸಿದ್ಧನಾಗಿ ನಿಂತಿದ್ದ. ಅವರು ತಲೆಯೆತ್ತಿ, "ಹೋಗಿ. ಯಾರು ಬೇಡ ಅಂದ್ರು? ನೀವಾಗೇ ಕೂತಿರ್ತೀರಿ, ಮನೆಗಿಂತ ಇಲ್ಲೇ ಇಷ್ಟವೇನೋ ಅಂದ್ಕೊಂಡಿದ್ದೆ" ಎಂದರು.

ಅವನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು.

ಸಂಜೆ ಹೆಂಡತಿಗೆ ಹೇಳಿದ. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನೀವೂ ಬಿಟ್ಟು ಬನ್ನಿ, ಇಬ್ರೂ ಸೇರಿ ಮಾಡೋಣ."

"ಬೇಡ. ನಂಗೆ ಆ ಕಂಪನಿ ಗಲಾಟೆನೇ ಇಷ್ಟ" ಎಂದುಬಿಟ್ಟ. ಹೇಳಿದ ಮೇಲೆ ಅದು ನಿಜವೆಂದು ಗೊತ್ತಾಯಿತು.

ಈಗ ಆ ಎರಡು ದಿನ ಗುಬ್ಬಿಯನ್ನು ಶಾಲೆಯಿಂದ ಕರೆತರುವವನು ಅವನೇ. ಹೆಂಡತಿ ದೂರದ ಗೋದಾಮುಗಳ ಕೆಲಸವನ್ನು ಆ ದಿನಗಳಿಗೇ ಇಟ್ಟುಕೊಂಡಿದ್ದಾಳೆ. ಅವಳ ಫೋನು ಬಡಿದುಕೊಂಡಾಗ, ಅವಳು ಬಾಯ್ತುಂಬ ನಕ್ಕಾಗ ಒಳಗೆ ಈಗಲೂ ಚುರುಕ್ ಎನ್ನುತ್ತದೆ. ಮೊಂಡನ ಕಥೆ ಮಾತ್ರ ಮೊನ್ನೆ ತಿಳಿಯಿತು. ನಿಜವಾಗಿಯೂ ದೊಡ್ಡ ಕಥೆಯೇ.