ಮಾಡಿನ ಮೇಲಿನ ವಿಮಾನ

ಅಮಿತಾಳಿಗೆ ಅಂದು ಬಂದ ಸಿಟ್ಟು ಅಂತಿಂಥದ್ದಲ್ಲ. ಡ್ರೋನನ್ನು ಪೆಟ್ಟಿಗೆಯಿಂದ ತೆಗೆಯದೆ ಮಾವನ ಹೊಸಮನೆಯ ಅಂಗಳದಲ್ಲಿ ಕಂಬದ ಹಾಗೆ ನಿಂತಿದ್ದಳು.

ಮುಂಬಯಿಯಲ್ಲಿ ಎರಡು ಹೋಟೆಲು ನಡೆಸುವ ರಾಜೀವ ಅವಳ ತಾಯಿಯ ತಮ್ಮ. ಅವನು ಮನೆ ಕಟ್ಟಿಸಿದ್ದು ಹಟ್ಟಿಯಂಗಡಿಯಾಚೆಯ ಕೆಂಪು ಮುರಕಲ್ಲಿನ ಬಯಲಿನ ಅಂಚಿನಲ್ಲಿ. ಬಯಲಿನ ಮೇಲೆ ಪೈಲಟ್ ತರಬೇತಿಯ ಪುಟ್ಟ ರನ್‌ವೇ. ಕಲಿಯುವವರ ವಿಮಾನ ಬೆಳಿಗ್ಗೆಯಿಡೀ ಸುತ್ತು ಹಾಕುತ್ತ, ಆರೇಳು ನಿಮಿಷಕ್ಕೊಮ್ಮೆ ಈ ಮನೆಯ ಮಾಡಿನ ಮೇಲೆಯೇ ಇಳಿಯಲು ಬರುತ್ತದೆ. ಬ್ರಹ್ಮಾವರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಅಮಿತಾ ವಾರದ ಹಿಂದೆಯೇ ಅಲ್ಲಿನ ತರಬೇತುದಾರ, ಮೈಸೂರು ಕಡೆಯ ಶೇಖರನನ್ನು ಕಂಡು, ಹಾರಾಟ ನಿಲ್ಲುವ ಮಧ್ಯಾಹ್ನ ಒಂದು ಗಂಟೆಯ ಮೇಲೆ, ತೆಂಗಿನ ಮರದ ಎತ್ತರ ಮೀರದಂತೆ ಡ್ರೋನ್ ಹಾರಿಸಲು ಲಿಖಿತ ಒಪ್ಪಿಗೆ ಪಡೆದಿದ್ದಳು.

ಮಾವನಿಗೆ ಅದು ಸಾಲದು. ಮನೆ ಒಕ್ಕಲಿನ ಮುಹೂರ್ತ ಒಂಬತ್ತೂ ನಲವತ್ತಕ್ಕೆ. ಹೆಂಡತಿ ಕಲಶ ಹಿಡಿದು ಹೊಸ್ತಿಲು ದಾಟುವಾಗ ಮಾಡಿನ ಮೇಲೆ ವಿಮಾನ ಹಾಯಬೇಕು, ಎರಡೂ ಒಂದೇ ಚಿತ್ರದಲ್ಲಿ ಬರಬೇಕು, ಮುಂಬಯಿಯವರು ಬಾಯಿ ಬಿಟ್ಟು ನೋಡಬೇಕು.

“ಒಂದ್ ಗಳಿಗಿ ಹಾರ್ಸು ಹೆಣೆ. ಆಕಾಶ ಎಂತ ಅವ್ರಪ್ಪಂದಾ?”

“ಆ ವಿಮಾನ್ದೊಳ್ಗ್ ಕಲೂಕ್ ಬಂದ್ ಮಕ್ಕಳ್ ಇರ್ತ್ರ್ ಮಾವ. ತಾಗ್ರೆ ಜೀವವೇ ಹೋತ್ತ್. ಒಂದ್ ಗಂಟಿಗೆ ಎಷ್ಟ್ ಬೇಕಾರೂ ತೆಗಿತೆ.”

“ಒಂದ್ ಗಂಟಿಗೆ ಎಂತ ತೆಗೂದ್, ಊಟದ್ ಪಂಕ್ತಿಯಾ?”

ನೆಂಟರೆಲ್ಲ ನಕ್ಕರು. ಅಮ್ಮ ಅವಳ ತೋಳು ಚಿವುಟಿದಳು. ಸೋದರಮಾವನೇ ಯಜಮಾನನಾಗುವ ಅಳಿಯಕಟ್ಟಿನ ಮನೆತನ, ಅವನು ಹೇಳಿದ ಮೇಲೆ ಮುಗಿಯಿತು, ಎದುರಾಡಬಾರದು. ಎದುರಾಡಬಾರದಂತೆ, ಅದಕ್ಕಾಗಿ ಬೇರೆ ಯಾರದೋ ಮಗು ಆಕಾಶದಿಂದ ಉರುಳಿಬಿದ್ದರೂ ಸೈ!

ರಾಜೀವ ಕಾರಿನಿಂದ ತನ್ನದೇ ಹೊಸ ಡ್ರೋನು ತಂದ. ಅವಳು ಶೇಖರನಿಗೆ ಫೋನು ಹಚ್ಚುವಷ್ಟರಲ್ಲಿ ಅದು ತೆಂಗಿನ ಮರಗಳನ್ನು ದಾಟಿ ಮೇಲೇರಿತ್ತು. ವಿಮಾನ ತಗ್ಗಿ ಬಂತು. ಡ್ರೋನು ಎದುರಾದದ್ದೇ ಎಂಜಿನ್ ಅಬ್ಬರಿಸಿ ಮೂತಿ ಮೇಲೆದ್ದು, ಒಂದು ರೆಕ್ಕೆ ವಾಲಿ, ಗುಡ್ಡದ ಕಡೆಗೆ ಹೊರಳಿಕೊಂಡು ಹೋಯಿತು.

ಅಂಗಳದವರು ಚಪ್ಪಾಳೆ ತಟ್ಟಿದರು.

“ಸೆಲ್ಯೂಟ್ ಹೊಡೀತ್ ಕಾಣಿ,” ಎಂದ ಒಬ್ಬ. ಆ ಕೈಗಳನ್ನೆಲ್ಲ ಹಿಡಿದು ಮುರಿಯಬೇಕೆನಿಸಿತು ಅವಳಿಗೆ.

ಮಾವನಿಗೆ ಡ್ರೋನು ಇಳಿಸಲು ಬರುತ್ತಿರಲಿಲ್ಲ. ಗುಂಡಿಗಳನ್ನು ತಡಕಾಡುತ್ತಿದ್ದ ಅವನ ಕೈಯಿಂದ ರಿಮೋಟು ಕಿತ್ತುಕೊಂಡು ಅವಳೇ ಇಳಿಸಿದಳು. ಅಷ್ಟರಲ್ಲಿ ಫೋನು ಬಂತು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

“ಅಮಿತಾ, ನೀವಾ ಹಾರಿಸಿದ್ದು?” ಎಂದ ಶೇಖರ. “ವಿಮಾನದಲ್ಲಿದ್ದ ಹುಡುಗಿ ಒಬ್ಬಳೇ ಹಾರಿಸಿದ ಮೊದಲ ದಿನ ಇವತ್ತು. ಹೇಗೋ ಇಳಿಸಿದಳು. ನಾನೇ ದಾರಿ ತಪ್ಪಿ ಬಂದೆನಾ ಸರ್ ಅಂತ ಅಳ್ತಿದ್ದಾಳೆ.”

ಮಾವನ ಹೆಸರು ಹೇಳಬೇಡ ಎಂಬಂತೆ ಅಮ್ಮ ತಲೆಯಾಡಿಸಿದಳು.

“ಹಾರ್ಸದ್ದ್ ನನ್ ಸೋದರಮಾವ, ರಾಜೀವ,” ಎಂದಳು ಅಮಿತಾ. “ಪೊಲೀಸ್ರಿಗ್ ದೂರು ಕೊಡಿ, ಸಾಕ್ಷಿಗ್ ನನ್ ಹೆಸ್ರ್ ಬರ್ಕಣಿ. ಈಗ ಅವ್ಳಿಗ್ ಒಂಚೂರ್ ಫೋನ್ ಕೊಡಿ.”

ಫೋನನ್ನು ಮಾವನ ಬಾಯಿಯ ಹತ್ತಿರ ಹಿಡಿದಳು.

“ತಪ್ಪ್ ಯಾರದ್ದ್ ಅಂದ್ ನೀವೇ ಅವ್ಳಿಗ್ ಹೇಳಿ ಮಾವ.”

ರಾಜೀವ ಒಂದು ಹೆಜ್ಜೆ ಹಿಂದೆ ಸರಿದ. ಆಚೆಯಿಂದ ಬಿಕ್ಕುತ್ತಲೇ ಒಂದು ಎಳೆಯ ದನಿ, “ಹಲೋ, ಸಾರಿ ಸರ್,” ಎಂದಿತು.